ಕಾವೂರಿಗೆ ಹೋದ ಮನಃಶಾಸ್ತ್ರ

ಇನಾಮದಾರ್ ಸರ್ ನಮ್ಮ ಕಾಲೇಜಿಗೆ ಬಂದ ಮೊದಲ ವಾರವೇ ಎಲ್ಲರ ಪುಸ್ತಕ ಮುಚ್ಚಿಸಿದರು.

ಅವರು ಧಾರವಾಡದ ಕಡೆಯವರು. ಮೈಸೂರಿನಲ್ಲಿ ಓದಿದ್ದು ಮನಃಶಾಸ್ತ್ರ. ಆದರೆ ಸಾವಿರದ ಒಂಬೈನೂರ ಮೂವತ್ತೇಳರ ಮಂಗಳೂರಿನಲ್ಲಿ ಮನಃಶಾಸ್ತ್ರ ಕಲಿಸಲು ಬನ್ನಿ ಎಂದು ಕರೆಯುವವರು ಯಾರಿದ್ದರು? ಹಾಗಾಗಿ ಇಂಟರ್‌ಮೀಡಿಯೇಟಿನ ನಮಗೆ ಇಂಗ್ಲಿಷ್ ಕಲಿಸಲು ಬಂದರು. ಇಂಗ್ಲಿಷ್ ಕಾಲುಗಂಟೆ, ಮಿಕ್ಕಿದ್ದೆಲ್ಲ ಮನಸ್ಸು! ನಾನಂತೂ ಆ ಮುಕ್ಕಾಲು ಗಂಟೆಗಾಗಿ ಕುದ್ರೋಳಿಯ ಮನೆಯಿಂದ ಕಾಲೇಜಿನವರೆಗೆ ಓಡಿಕೊಂಡೇ ಬರುತ್ತಿದ್ದೆ.

"ಎಲ್ಲಾರೂ ಈ ಪುಟಾ ಒಂದು ಸಲ ಓದರಿ," ಎಂದರು ಆ ದಿನ. ಓದಿದೆವು. ದೀಪಸ್ತಂಭದ ಬಗ್ಗೆ ಏನೋ ಇತ್ತು. "ಈಗ ಎಡಗಡೆ ಕುಂತವರು ಅದನ್ನ ಮತ್ತ ಮತ್ತ ಓದರಿ. ಬಲಗಡೆಯವರು ಪುಸ್ತಕ ಮುಚ್ಚರಿ. ಮುಚ್ಚಿ, ನೆನಪಿದ್ದಷ್ಟು ಬಾಜೂದವರಿಗೆ ಹೇಳರಿ."

"ಮುಚ್ಚುವುದೆಂತ ಸರ್, ಈಗ ಬಿಡಿಸಿದ್ದಷ್ಟೆ," ಎಂದ ಹಾಶಿಂ. ಬಂದರಿನ ಬಟ್ಟೆ ಅಂಗಡಿಯವರ ಮಗ ಅವನು. ತರಗತಿಯಲ್ಲಿ ಏನೇ ಆದರೂ ಮೊದಲ ಮಾತು ಅವನದ್ದೇ.

ಹುಡುಗಿಯರು ನಾವು ಇಬ್ಬರೇ, ನಾನು ಮತ್ತು ಡಾಲಿ. ಬಲಗಡೆಯ ಮುಂದಿನ ಬೆಂಚು ನಮ್ಮದು. ನಾನು ಡಾಲಿಗೆ ಹೇಳಿದೆ, ಡಾಲಿ ನನಗೆ ಹೇಳಿದಳು. ಅರ್ಧಕ್ಕರ್ಧ ಮರೆತು ಹೋಗಿತ್ತು. ಎಷ್ಟು ನಾಚಿಕೆಯಾಯಿತೆಂದರೆ, ಎಡಗಡೆಯವರು ಹಾಯಾಗಿ ಓದುತ್ತಿದ್ದುದನ್ನು ನೋಡಿ ಹೊಟ್ಟೆ ಉರಿಯಿತು.

ಮುಂದಿನ ವಾರ ಸರ್ ಯಾವ ಸೂಚನೆಯೂ ಇಲ್ಲದೆ ಅದೇ ಪುಟದ ಮೇಲೆ ಪ್ರಶ್ನೆ ಕೇಳಿದರು. ಗೆದ್ದದ್ದು ನಾವು! ಎಡಗಡೆಯವರ ತಲೆಯಲ್ಲಿ ದೀಪಸ್ತಂಭದ ದೀಪವೂ ಇರಲಿಲ್ಲ, ಸ್ತಂಭವೂ ಇರಲಿಲ್ಲ. ಹಾಶಿಂ ಎಡಗಡೆ ಕೂತಿದ್ದವನು.

"ಸರ್, ಹಾಗಾದ್ರೆ ನಾನು ಇಷ್ಟು ವರ್ಷ ಓದಿದ್ದು ಎಂತ?"

"ನೀ ಓದಿಲ್ಲಪಾ, ಪುಸ್ತಕಕ್ಕ ಗಾಳಿ ಹಾಕೀದಿ." ಇಡೀ ತರಗತಿ ನಕ್ಕಿತು. ಸರ್ ಮಾತ್ರ ನಗಲಿಲ್ಲ. "ಕಣ್ಣಿಗೆ ಗುರುತು ಸಿಕ್ಕರ ತಲೀಗೆ ಗೊತ್ತಾತು ಅಂದ್ಕೋತೀರಿ. ದಿನಾ ದಾರ್ಯಾಗ ಸಿಗೋ ಮನಿಷ್ಯಾನ ಮಾರಿ ಗುರುತು ಇರತದ. ಹೆಸರು ಕೇಳಿದ್ರ? ತಡವರಸ್ತೀರಿ. ಪುಸ್ತಕಾನೂ ಹಂಗ. ಓದೂದು ಕಡಿಮಿ ಮಾಡ್ರಿ, ಮುಚ್ಚಿ ಹೇಳೂದು ಜಾಸ್ತಿ ಮಾಡ್ರಿ. ಮರತದ್ದು ಎಲ್ಲೆ ಅಂತ ಗೊತ್ತಾತಲ್ಲ, ಅಲ್ಲೇ ಓದು ಚಾಲೂ ಆಗತದ."

ಆಮೇಲಿನ ದಿನಗಳಲ್ಲಿ ಕಾಲೇಜಿಗೆ ಹುಚ್ಚು ಹಿಡಿಯಿತು. ಮೆಟ್ಟಿಲಲ್ಲಿ, ಕಂಬದ ಬುಡದಲ್ಲಿ, ನೀರಿನ ಪಿಪಾಯಿಯ ಹತ್ತಿರ, ಎಲ್ಲಿ ನೋಡಿದರೂ ಒಬ್ಬ ಕಣ್ಣುಮುಚ್ಚಿ ಹೇಳುತ್ತಿದ್ದ, ಇನ್ನೊಬ್ಬ ಪುಸ್ತಕ ಹಿಡಿದು "ತಪ್ಪು! ತಪ್ಪು!" ಎಂದು ಕುಣಿಯುತ್ತಿದ್ದ. ನಾನು ಮನೆಯಲ್ಲಿ ಕೇಳುವವರು ಸಿಗದೆ ಅಮ್ಮನಿಗೆ ಕಪ್ಪೆಯ ಹೃದಯದ ಬಗ್ಗೆ ಹೇಳಿದೆ. ಅಮ್ಮ ತೆಂಗಿನಕಾಯಿ ತುರಿಯುತ್ತ, "ಅದಕ್ಕೆ ಮೂರೇ ಕೋಣೆಯಾ? ಪಾಪ," ಎಂದರು.

ಹೀಗೆಲ್ಲ ಇರುವಾಗ ಒಂದು ದಿನ ಸರ್ ಕೇಳಿದರು: ಇಂಟರ್ ಮುಗಿದ ಮೇಲೆ ಮುಂದೇನು?

ಒಬ್ಬೊಬ್ಬರಾಗಿ ಎದ್ದು ನಿಂತು ಹೇಳಿದರು. ವಕೀಲ. ವಕೀಲ. ಕಲೆಕ್ಟರ್ ಆಫೀಸಿನಲ್ಲಿ ಗುಮಾಸ್ತ. ಡಾಕ್ಟರ್. ಮತ್ತೆ ವಕೀಲ.

"ಇದು ನಿಮ್ಮ ಇಚ್ಛಾ ಅಲ್ಲ, ನಿಮ್ಮ ಓಣಿಯ ಇಚ್ಛಾ," ಎಂದರು ಸರ್. "ನಾ ಬ್ಯಾರೆ ಕೇಳತೀನಿ. ಯಾರೂ ಹೇಳದ, ಯಾರೂ ನೋಡದ ಇದ್ದಾಗ ನಿಮ್ಮ ಕೈ ತಾನಾಗಿ ಏನು ಮಾಡತದ? ಯಾವ ಕೆಲಸದಾಗ ಹೊತ್ತು ಹೋಗಿದ್ದು ಗೊತ್ತಾಗೂದಿಲ್ಲ? ತಂಗಿ ಕುಶಲಾ, ನೀ ಹೇಳು."

ನನ್ನ ಬಾಯಿಂದ ಯೋಚಿಸುವ ಮೊದಲೇ ಬಂದುಬಿಟ್ಟಿತು. "ಸರ್, ಮೀನು ಕತ್ತರಿಸ್ತೇನೆ."

ತರಗತಿ ಬಿದ್ದು ಬಿದ್ದು ನಕ್ಕಿತು. ಡಾಲಿ ಬೆಂಚಿನ ಕೆಳಗೆ ನನ್ನ ಕಾಲು ತುಳಿದಳು. ಸರ್ ಅವರ ಮುಖ ಸ್ವಲ್ಪ ಬಿಳಿಚಿತು. ಅವರು ಮೀನು ತಿನ್ನುವವರಲ್ಲ, ಮೀನಿನ ಮಾರ್ಕೆಟ್ಟಿನ ಹತ್ತಿರ ಬಂದರೆ ಸೈಕಲ್ ವೇಗ ಹೆಚ್ಚಿಸುವವರು. ಆದರೂ ಮೇಜಿನ ಮೇಲೆ ಎರಡೂ ಕೈ ಊರಿ ಮುಂದೆ ಬಾಗಿದರು. "ಮುಂದ? ಮುಂದ ಹೇಳವಾ!"

ಹೇಳಿದೆ. ಸಾರಿಗೆಂದು ಬಂಗುಡೆ ತಂದರೆ ನಾನು ಅದರ ಹೊಟ್ಟೆ ಬಿಡಿಸಿ ಅದು ಏನು ತಿಂದಿತ್ತು ಎಂದು ನೋಡದೆ ಬಿಡುವುದಿಲ್ಲ. ಬೆನ್ನುಮೂಳೆಯ ಕೆಳಗೆ ಗಾಳಿ ತುಂಬಿದ ಸಣ್ಣ ಚೀಲ ಇರುತ್ತದೆ, ಕೆಲವು ಮೀನಿಗೆ ಇರುವುದಿಲ್ಲ, ಏಕೆ? ನಂಗ್ ಮೀನಿಗೆ ಎರಡೂ ಕಣ್ಣು ಒಂದೇ ಕಡೆ, ಇನ್ನೊಂದು ಕಡೆ ಕುರುಡು ಗೋಡೆಯ ಹಾಗೆ. ಹುಟ್ಟುವಾಗಲೇ ಹಾಗೆಯೋ? ಒಂದು ಕಣ್ಣು ಆಮೇಲೆ ನಡೆದುಕೊಂಡು ಬಂತೋ? ನದಿಯಾಚೆ ಬೆಂಗ್ರೆಯ ಮೀನುಗಾರರನ್ನು ಕೇಳಿದರೆ ಸಮುದ್ರರಾಜ ಕೆನ್ನೆಗೆ ಹೊಡೆದದ್ದು ಎನ್ನುತ್ತಾರೆ. ನಾನು ನೋಡುತ್ತ ಕೂತರೆ ಅಮ್ಮನ ಮಸಾಲೆ ಒಣಗುತ್ತದೆ, ಒಲೆ ಆರುತ್ತದೆ, ಮನೆಯವರೆಲ್ಲ ಉಪ್ಪಿನಕಾಯಿಯಲ್ಲಿ ಉಣ್ಣುತ್ತಾರೆ.

ನಾನು ನಿಲ್ಲಿಸುವಾಗ ಯಾರೂ ನಗುತ್ತಿರಲಿಲ್ಲ.

"ಇದಕ್ಕ ಪ್ರಾಣಿಶಾಸ್ತ್ರ ಅಂತಾರವಾ," ಎಂದರು ಸರ್ ಮೆಲ್ಲಗೆ. "ಮದ್ರಾಸಿನಾಗ ಹೆಣ್ಣುಮಕ್ಕಳ ಕಾಲೇಜಿನಾಗ ಅದ. ಮೂರು ವರ್ಷ. ಆಮ್ಯಾಲೆ ಜೀವಮಾನ ಪೂರ್ತಿ ಇದನ್ನ ಮಾಡಬಹುದು."

ಜೀವಮಾನ ಪೂರ್ತಿ! ಮೀನಿನ ಎದುರು ಕೂತು! ಅಮ್ಮ ಬೈಯದೆ! ಆ ದಿನ ಮನೆಗೆ ಹೋಗುವಾಗ ನನ್ನ ಕಾಲು ನೆಲಕ್ಕೆ ತಾಗಿದ್ದೇ ಗೊತ್ತಿಲ್ಲ. ಡಾಲಿ ಹಿಂದಿನಿಂದ ಕೂಗುತ್ತಿದ್ದಳು: "ನಿಧಾನ ಮಾರಾಯ್ತಿ, ಮದ್ರಾಸಿಗೆ ಈಗಲೇ ನಡ್ಕೊಂಡು ಹೋಗ್ತೀಯಾ?"

ಮನೆಯ ಮೆಟ್ಟಿಲು ಹತ್ತಿದ ಕೂಡಲೇ ಕಾಲು ನೆಲಕ್ಕೆ ತಾಗಿತು. ಏಕೆಂದರೆ ಅಮ್ಮನ ಅಣ್ಣ ದುಗ್ಗಪ್ಪ ಮಾಮ ನನ್ನ ಮುಂದಿನ ದಾರಿಯನ್ನು ಆಗಲೇ ಗೊತ್ತು ಮಾಡಿ ಆಗಿತ್ತು. ಪರೀಕ್ಷೆ ಮುಗಿದ ಮೇಲೆ ಟೀಚರ್ ಟ್ರೈನಿಂಗ್. ಆಮೇಲೆ ಇಲ್ಲೇ ಹತ್ತಿರದ ಶಾಲೆಯಲ್ಲಿ ಕೆಲಸ. ಟ್ರೈನಿಂಗ್ ಶಾಲೆಯವರಿಗೆ ತಿಂಗಳ ಕೊನೆಯೊಳಗೆ ಮಾತು ಕೊಡಬೇಕಿತ್ತು. ಮದ್ರಾಸಿನ ಅರ್ಜಿಗೂ ಬೇಕಾದ್ದು ಮಾಮನ ರುಜುವೇ. ಮಾಮ ಬೇಡ ಎಂದರೆ ಪ್ರಾಣಿಶಾಸ್ತ್ರ ಅಲ್ಲಿಗೆ ಮುಗಿಯಿತು.

ಆದರೆ ಇದನ್ನೆಲ್ಲ ನಾನು ಇನಾಮದಾರ್ ಸರ್‌ಗೆ ಹೇಳಿರಲಿಲ್ಲ. ಹೇಳಬೇಕೆಂದು ಹೊಳೆಯಲೂ ಇಲ್ಲ. ಮೀನು ನೀರಿನ ಬಗ್ಗೆ ಯಾರಿಗಾದರೂ ಹೇಳುತ್ತದೆಯೆ?

*

ಸೋಮವಾರ ಸರ್ ತರಗತಿಗೆ ನಡೆದು ಬರಲಿಲ್ಲ, ಹಾರಿಕೊಂಡು ಬಂದರು. ಮುಖ ಬಿಸಿಲಿಗೆ ಕೆಂಪಾಗಿತ್ತು. ಮೇಜಿನ ಮೇಲೆ ಒಂದು ದೊಡ್ಡ ಬಚ್ಚಂಗಾಯಿ, ಅಂದರೆ ಕಲ್ಲಂಗಡಿ ಹಣ್ಣು, ಇಟ್ಟರು.

"ತಂಗಿ, ನಿನ್ನ ಕೆಲಸ ಆತು!"

"ಎಂತ ಸರ್?"

"ನಿಮ್ಮ ಅಪ್ಪಾರ ಊರು ಕೇಳಿ ತಿಳಕೊಂಡು ನಿನ್ನೆ ನಾ ಕಾವೂರಿಗೆ ಹೋಗಿದ್ದೆ. ಸೈಕಲ್ ಮ್ಯಾಲೆ. ನಿಮ್ಮ ಅಪ್ಪಾರನ್ನ ಕಂಡೆ. ಕೆರೀ ದಂಡಿ ಮ್ಯಾಲೆ ಕುಂತು ಎಲ್ಲಾ ಹೇಳಿದೆ. ಮನಸ್ಸಿನ ಒಲವು ಅಂದ್ರೇನು, ಮಕ್ಕಳ ಒಲವಿಗೆ ತಂದೀ ಕಲ್ಲು ಅಡ್ಡ ಇಟ್ಟರ ಏನಾಗತದ, ಎಲ್ಲಾ. ಎಂಥಾ ತಿಳುವಳಿಕಿಯ ಮನಿಷ್ಯಾ! ಒಂದು ಮಾತಿಗೂ ಎದುರಾಡಲಿಲ್ಲ. 'ಖಂಡಿತ ಸ್ವಾಮಿ, ಮದ್ರಾಸಿಗೆ ಹೋಗ್ಲಿ' ಅಂದ್ರು. ಮ್ಯಾಲೆ ಈ ಹಣ್ಣು ಕೊಟ್ರು!"

ಇಡೀ ತರಗತಿ ಉಸಿರು ಹಿಡಿಯಿತು. ಆಮೇಲೆ ಯಾರೋ ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂದರು. ಅಷ್ಟೇ. ಕಟ್ಟೆ ಒಡೆಯಿತು. ಹಾಶಿಂ ಮೇಜು ಬಡಿದು ನಗುತ್ತಿದ್ದ. ನಾನು ಮುಖ ಮುಚ್ಚಿಕೊಂಡಿದ್ದೆ. ಅಳಬೇಕೋ ನಗಬೇಕೋ ತಿಳಿಯಲಿಲ್ಲ.

"ಯಾಕ? ನಗೂದು ಯಾಕ?" ಸರ್ ಒಬ್ಬೊಬ್ಬರ ಮುಖ ನೋಡಿದರು.

ಹಾಶಿಂ ಕಣ್ಣೊರೆಸಿಕೊಂಡು ಎದ್ದ. "ಸರ್, ಬಾವಿ ಕುದ್ರೋಳಿಯಲ್ಲಿ ಉಂಟು. ನೀವು ಕೊಡಪಾನ ಇಳಿಸಿದ್ದು ಕಾವೂರಿನಲ್ಲಿ."

ಡಾಲಿ ಪಾಪ ಬಿಡಿಸಿ ಹೇಳಿದಳು. "ಸರ್, ಇವರದ್ದು ಅಳಿಯಸಂತಾನ. ಮಕ್ಕಳು ತಾಯಿ ಮನೆಯವರು. ಮನೆಯ ಯಜಮಾನ ಅಂದ್ರೆ ತಾಯಿಯ ಅಣ್ಣ. ಶಾಲೆ, ಮದುವೆ, ಆಸ್ತಿ ಎಲ್ಲ ಅವರೇ ಹೇಳುದು. ಆಸ್ತಿ ಅವರ ಸ್ವಂತ ಮಕ್ಕಳಿಗಲ್ಲ, ಇವಳಿಗೇ ಬರುದು."

"ಮತ್ತ ಅಪ್ಪಾರು?"

ಎಲ್ಲರೂ ನನ್ನತ್ತ ನೋಡಿದರು. ನಾನು ಯೋಚಿಸಿದೆ. ಅಪ್ಪನ ಹೆಸರು ಮುದ್ದು, ಕಾವೂರಿನಲ್ಲಿ ಅವರ ಅಕ್ಕನ ಗದ್ದೆ ನೋಡಿಕೊಂಡು ಅಲ್ಲೇ ಇರುವವರು. ವಾರಕ್ಕೊಮ್ಮೆ ಕುದ್ರೋಳಿಗೆ ಬರುವವರು. ಬಂದರೆ ಮನೆ ತುಂಬ ನಗು.

"ಅಪ್ಪ ಒಳ್ಳೆಯವರು ಸರ್," ಎಂದೆ.

ಇನಾಮದಾರ್ ಸರ್ ಕುರ್ಚಿಯಲ್ಲಿ ಕುಸಿದು ಕೂತರು. ಬಚ್ಚಂಗಾಯಿಯನ್ನು ಮೇಜಿನ ಅಂಚಿಗೆ ಸರಿಸಿದರು. "ನಾ ಓದಿದ ಒಂದು ಪುಸ್ತಕದಾಗೂ ಮಾವ ಇಲ್ಲ," ಎಂದರು ಕೊನೆಗೆ. "ಬರೇ ತಂದೀ, ತಾಯಿ."

*

ನಿಜವಾದ ಪೆಟ್ಟು ಬಿದ್ದದ್ದು ಆ ಸಂಜೆ.

ಅಪ್ಪ ಇನ್ನೊಂದು ಬಚ್ಚಂಗಾಯಿ ಹೆಗಲ ಮೇಲಿಟ್ಟುಕೊಂಡು ತಾವು ಬರುವ ದಿನಕ್ಕೆ ಮೊದಲೇ ಕುದ್ರೋಳಿಗೆ ಬಂದರು. ಸಂತೋಷ ತಡೆಯಲಾಗಿರಲಿಲ್ಲ. ಮಾಮ ಜಗಲಿಯಲ್ಲಿ ಕೂತು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು. ಬಂದರಿನಲ್ಲಿ ಅವರಿಗೆ ಬೂತಾಯಿ ಮೀನಿನ ಎಣ್ಣೆಯ ವ್ಯಾಪಾರ. ಮೈಗೆ ಎಷ್ಟು ಸೀಗೆಪುಡಿ ಹಚ್ಚಿದರೂ ಆ ಎಣ್ಣೆಯ ವಾಸನೆ ಅವರಿಗಿಂತ ಮೊದಲು ಮನೆಯೊಳಗೆ ಬರುತ್ತಿತ್ತು.

"ದುಗ್ಗಪ್ಪ ಭಾವ, ಕೇಳಿದ್ರಾ? ನಮ್ಮ ಕುಶಲಾ ಮದ್ರಾಸಿಗೆ! ಕಾಲೇಜಿನ ಮಾಸ್ತರ್ ನಮ್ಮ ಮನೆವರೆಗೆ ಬಂದು ಹೇಳಿದ್ರು. ನಾನು ಆಯ್ತು ಹೇಳಿದೆ!"

ಮಾಮನ ಬೆರಳು ಎಲೆಯ ಮೇಲೆ ನಿಂತಿತು.

"ಹೌದಾ ಮುದ್ದು ಭಾವ? ಕಾವೂರಿನಲ್ಲಿ ತೀರ್ಮಾನ ಆಯ್ತಾ?"

ಅಪ್ಪನಿಗೆ ಆಗ ಅರ್ಥವಾಯಿತು. ಬಚ್ಚಂಗಾಯಿಯನ್ನು ಹೆಗಲಿಂದ ಇಳಿಸುವುದೋ ಬೇಡವೋ ಎಂಬ ಹಾಗೆ ನಿಂತರು. "ತೀರ್ಮಾನ ಅಂತ ಅಲ್ಲ ಭಾವ... ಅವರು ಹೇಳಿದ್ರು, ನಾನು ಕೇಳಿದೆ..."

"ಒಳ್ಳೆದಾಯ್ತು. ಹಾಗಾದ್ರೆ ಕಾವೂರಿನವರೇ ಕಳಿಸ್ಲಿ. ನನ್ನದೆಂತ ಉಂಟು ಇಲ್ಲಿ?" ಮಾಮ ಎಲೆ ಬಾಯಿಗಿಟ್ಟರು. ಆಮೇಲೆ ನನ್ನ ಕಡೆ ತಿರುಗಿದರು. "ಎಂತ ಕಲಿಯುದು ಅಲ್ಲಿ?"

"ಪ್ರಾಣಿಶಾಸ್ತ್ರ, ಮಾಮ. ಮೀನು..."

"ಮೀನು ನೋಡ್ಲಿಕ್ಕೆ ಮದ್ರಾಸಿಗಾ? ನಾಳೆಯಿಂದ ದಿನಾ ಒಂದು ಬುಟ್ಟಿ ತಂದು ಹಾಕ್ತೇನೆ, ಅಂಗಳದಲ್ಲಿ ಕೂತು ನೋಡು!"

ಒಳಗಿಂದ ಅಮ್ಮ ನನ್ನ ಕೈ ಹಿಡಿದು ಎಳೆದರು. ಅಪ್ಪ ಅಂದು ಊಟಕ್ಕೂ ನಿಲ್ಲದೆ ಹೋದರು.

*

"ಇದು ನನ್ನ ತಪ್ಪು," ಎಂದರು ಸರ್, ಮರುದಿನ ಕಾಲೇಜಿನ ಜಗಲಿಯಲ್ಲಿ. "ನಾ ಬಂದು ಅವರ ಕಾಲಿಗೆ ಬೀಳಲೇನು?"

"ಬೇಡ ಸರ್!" ನಾನೂ ಡಾಲಿಯೂ ಒಟ್ಟಿಗೇ ಕೂಗಿದೆವು.

"ಹಂಗಾದ್ರ ನೀನ ಮಾತಾಡಬೇಕು. ಪರೀಕ್ಷಾಕ್ಕ ಹ್ಯಾಂಗ ತಯಾರ್ ಆಗತೀಯೋ ಹಂಗ. ಮನಸಿನಾಗ ಅಂದ್ಕೊಂಡ್ರ ಸಾಲೂದಿಲ್ಲ. ಬಾಯಿಂದ ಹೇಳಬೇಕು, ಎದುರಿಗೆ ಒಬ್ಬರು ಕುಂತು ಅಡ್ಡ ಪ್ರಶ್ನಾ ಹಾಕಬೇಕು."

ಡಾಲಿಗೆ ಅಷ್ಟೇ ಸಾಕಿತ್ತು. ಸೆರಗನ್ನು ಹೆಗಲಿಗೆ ಗಂಡಸರ ಬೈರಾಸು ವಸ್ತ್ರದ ಹಾಗೆ ಹಾಕಿಕೊಂಡು, ಕಾಲ ಮೇಲೆ ಕಾಲು ಹಾಕಿ, ಇಲ್ಲದ ವೀಳ್ಯ ಜಗಿಯತೊಡಗಿದಳು. "ಎಂತ ಕುಶಲಾ? ಎಂತ ಬಂದದ್ದು?"

"ಮಾಮ, ಮದ್ರಾಸಿನಲ್ಲಿ ಹಾಸ್ಟೆಲ್ ಉಂಟು, ಅಲ್ಲಿ ಹೆಂಗಸರೇ..."

"ಹಾಸ್ಟೆಲಿನಲ್ಲಿ ಗಂಜಿ ಕೊಡ್ತಾರಾ?"

"ಕೊಡ್ತಾರೆ ಮಾಮ."

"ಚಟ್ನಿ?"

"ಡಾಲಿ!"

"ಯಾರು ಡಾಲಿ? ನಾನು ದುಗ್ಗಪ್ಪ. ಆಗುದಿಲ್ಲ ಅಂದ್ರೆ ಆಗುದಿಲ್ಲ. ಹೋಗು, ದೋಸೆಗೆ ಅಕ್ಕಿ ಕಡೆ."

ಎಷ್ಟು ಚಂದ ಆಡಿದಳೆಂದರೆ ನನಗೆ ನಿಜವಾಗಿ ಸಿಟ್ಟು ಬಂತು. ದಿನಾ ಆಡಿದೆವು. ನನ್ನ ಉತ್ತರಗಳು ಹರಿತವಾದವು. ಟೀಚರ್ ಕೆಲಸ ಏಕೆ ಬೇಡ, ಮದ್ರಾಸಿನ ರೈಲು ಎಲ್ಲೆಲ್ಲಿ ನಿಲ್ಲುತ್ತದೆ, ಹಾಸ್ಟೆಲಿನ ಬಾಗಿಲು ಎಷ್ಟು ಹೊತ್ತಿಗೆ ಹಾಕುತ್ತಾರೆ, ಎಲ್ಲ ಕಣ್ಣು ಮುಚ್ಚಿ ಹೇಳಬಲ್ಲವಳಾದೆ. ಆದರೆ ಪ್ರತಿ ಸಲವೂ ಕೊನೆಗೆ ಡಾಲಿ ಮಾಮ ತಲೆಯಾಡಿಸಿ "ಆಗುದಿಲ್ಲ" ಎನ್ನುತ್ತಿದ್ದಳು.

"ನೀನು ಯಾಕೆ ಒಪ್ಪುದಿಲ್ಲ?" ಎಂದು ಜಗಳಕ್ಕೇ ನಿಂತೆ.

"ಗೊತ್ತಿಲ್ಲ ಮಾರಾಯ್ತಿ. ನೀನು ಹೇಳುದೆಲ್ಲ ಸರಿ. ಆದ್ರೆ ನಿನ್ನ ಮಾಮ ಆಗಿ ಕೂತಾಗ ಒಪ್ಪಲಿಕ್ಕೆ ಮನಸ್ಸೇ ಬರುದಿಲ್ಲ."

ಇನಾಮದಾರ್ ಸರ್ ಕಂಬಕ್ಕೆ ಒರಗಿ ಕೇಳುತ್ತಿದ್ದವರು ಥಟ್ಟನೆ ನೆಟ್ಟಗಾದರು. "ಇನ್ನೊಮ್ಮೆ ಹೇಳವಾ ಡಾಲಿ! ಇದು! ಇದ ನೋಡು ಮನಃಶಾಸ್ತ್ರ!" ಜಗಲಿಯ ಈ ತುದಿಯಿಂದ ಆ ತುದಿಗೆ ನಡೆದು ವಾಪಸು ಬಂದರು. "ಬ್ಯಾಡ ಅನ್ನೋ ಮಾತಿನ ಹಿಂದ ಒಂದು ಅಂಜಿಕಿ ಕುಂತಿರತದ. ನಾವು ಬ್ಯಾಡಕ್ಕ ಉತ್ತರಾ ಕೊಡಾಕತ್ತೀವಿ. ಅಂಜಿಕಿಗಿ ಯಾರೂ ಕೊಟ್ಟಿಲ್ಲ. ಅದು ಏನು ಅಂತ ಕೇಳೂ ಇಲ್ಲ."

"ಮಾಮನಿಗೆ ಹೆದರಿಕೆಯಾ ಸರ್?" ನನಗೆ ನಗು ಬಂತು. "ಬಂದರಿನಲ್ಲಿ ಎಲ್ಲರೂ ಅವರಿಗೆ ಹೆದರುದು."

"ಕೇಳಿ ನೋಡು."

*

ಶನಿವಾರ ಕಾಲೇಜು ಬಿಟ್ಟವಳು ಸೀದಾ ಬಂದರಿಗೆ ಹೋದೆ. ನದಿಯ ಮೇಲೆ ಬಿಸಿಲು ಕುಣಿಯುತ್ತಿತ್ತು. ಬೆಂಗ್ರೆಯ ದೋಣಿಗಳು ಬಂದು ಜನರನ್ನು ಇಳಿಸಿ ಹೋಗುತ್ತಿದ್ದವು. ಮಾಮನ ಗೋದಾಮಿನಲ್ಲಿ ಎಣ್ಣೆಯ ಡಬ್ಬಗಳು ಛಾವಣಿ ಮುಟ್ಟುವ ಹಾಗೆ ಪೇರಿಸಿದ್ದವು. ಮಾಮ ಬೆಂಚಿನ ಮೇಲೆ ಒಬ್ಬರೇ ಕೂತಿದ್ದರು.

"ಬಂದ್ಯಾ? ಕಾವೂರಿನವರು ಕಳಿಸಿದ್ದಾ?"

ನನ್ನ ಉತ್ತರಗಳೆಲ್ಲ ಗಂಟಲಿಗೆ ಬಂದು ಸಾಲಾಗಿ ನಿಂತವು. ಹಾಸ್ಟೆಲು, ರೈಲು, ಬಾಗಿಲು. ನಾನು ಅವನ್ನೆಲ್ಲ ನುಂಗಿದೆ.

"ಮಾಮ, ನಾನು ಹೋದ್ರೆ ನಿಮಗೆ ಎಂತ ಹೆದರಿಕೆ?"

"ಹೆದರಿಕೆ? ನನಗಾ? ದುಗ್ಗಪ್ಪನಿಗೆ?" ಜೋರಾಗಿ ನಕ್ಕರು. ನಗು ಅರ್ಧದಲ್ಲಿ ನಿಂತಿತು. ನಾನು ನಗಲಿಲ್ಲ, ಹೋಗಲೂ ಇಲ್ಲ. ಡಾಲಿಯ ಎದುರು ಕೂತು ಕೂತು ಸುಮ್ಮನಿರುವುದನ್ನೂ ಕಲಿತಿದ್ದೆ.

ಮಾಮ ಬಾಗಿಲ ಕಡೆ ನೋಡಿದರು, ಯಾರಾದರೂ ಇದ್ದಾರೆಯೋ ಎಂದು. ಯಾರೂ ಇರಲಿಲ್ಲ.

"ಹೋದ ವರ್ಷ ನಾನು ರೈಲ್ವೇ ಸ್ಟೇಷನಿಗೆ ಹೋಗಿದ್ದೆ, ಎಣ್ಣೆ ಕಳಿಸ್ಲಿಕ್ಕೆ," ಎಂದರು. "ನಮ್ಮ ವ್ಯಾಪಾರದವರೇ ಒಬ್ಬರ ಅಳಿಯ, ತಂಗಿಯ ಮಗ, ಮದ್ರಾಸಿನಲ್ಲಿ ಬಿ.ಎ. ಮಾಡಿ ಬಂದು ಇಳಿದ. ಮಾವ ಓಡಿಕೊಂಡು ಹೋದ ಮಾರಾಯ್ತಿ, ತಬ್ಬಿಕೊಳ್ಳಲಿಕ್ಕೆ. ಅವ ಕಿಸೆಯಿಂದ ಕರ್ಚೀಫು ತೆಗೆದು ಮೂಗಿಗೆ ಹಿಡಿದ. ಆಮೇಲೆ ಅವ ಮುಂದೆ, ಮಾವ ಪೆಟ್ಟಿಗೆ ಹೊತ್ತುಕೊಂಡು ಹಿಂದೆ." ಮಾಮ ತಮ್ಮ ಅಂಗಿಯ ತೋಳನ್ನು ಒಮ್ಮೆ ಮೂಸಿದರು, ತಮಗೇ ಗೊತ್ತಿಲ್ಲದ ಹಾಗೆ. "ನಾಳೆ ಈ ಮನೆಗೆ ಯಜಮಾನ್ತಿ ನೀನು. ನನ್ನ ಮಕ್ಕಳಲ್ಲ, ನೀನು. ನೀನು ಮೂಗು ಮುಚ್ಚಿಕೊಂಡ್ರೆ ನಾನು ಯಾರ ಮನೆಗೆ ಹೋಗುದು ಮಗಾ?"

ಇದಕ್ಕೆ ಉತ್ತರ ತಯಾರು ಮಾಡಿರಲಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಎಲ್ಲವೂ ಹೊಳೆದು ನಾನು ನಿಂತಲ್ಲೇ ಹಾರಿಬಿಟ್ಟೆ.

"ಮಾಮ! ಆ ಅಳಿಯ ಕಲಿತದ್ದು ಬಿ.ಎ.! ಅವನ ಹತ್ರ ಪುಸ್ತಕದ ವಾಸನೆ. ನಾನು ಕಲಿಯುದು ಎಂತ? ಮೀನು! ಮೂರು ವರ್ಷ ಸತ್ತ ಮೀನಿನ ಎದುರು ಕೂತುಕೊಳ್ಳುದು! ಸ್ಪಿರಿಟಿನಲ್ಲಿ ಹಾಕಿಟ್ಟದ್ದು, ಕೊಳೆತದ್ದು, ಕಪ್ಪೆ, ಜಿರಳೆ, ಹಾವು! ನಾನು ರೈಲಿನಿಂದ ಇಳಿಯುವಾಗ ಸ್ಟೇಷನಿನಲ್ಲಿ ನೀವು ಮೂಗು ಮುಚ್ಚಿಕೊಳ್ಳದಿದ್ರೆ ಸಾಕು!"

ಮಾಮ ನನ್ನನ್ನು ನೋಡಿದರು. ಬಾಯಿ ಬಿಗಿ ಹಿಡಿದರು. ಹೊಟ್ಟೆ ಅಲುಗಾಡತೊಡಗಿತು. ಆಮೇಲೆ ಎಂಥ ನಗು! ಬೆಂಚು ಕಿರುಗುಟ್ಟಿತು, ವೀಳ್ಯ ನೆತ್ತಿಗೇರಿತು, ನಾನು ಬೆನ್ನು ತಟ್ಟಬೇಕಾಯಿತು.

"ಹಾವೂ ಉಂಟಾ?"

"ಉಂಟು ಮಾಮ!"

"ನಿನ್ನನ್ನು ಯಾರು ಮದುವೆ ಆಗ್ತಾರೆ ಮಾರಾಯ್ತಿ!" ಎಂದು ಕಣ್ಣೊರೆಸಿಕೊಂಡರು. ನದಿಯ ಕಡೆ ಬೆರಳು ತೋರಿಸಿದರು. "ಬೂತಾಯಿ ಒಂದೊಂದು ವರ್ಷ ಬರುದೇ ಇಲ್ಲ. ಅದು ಎಲ್ಲಿಗೆ ಹೋಗ್ತದೆ ಅಂತ ಅವರು ಹೇಳಿಕೊಡ್ತಾರಾ?"

"ಅವರಿಗೂ ಗೊತ್ತಿಲ್ಲವೋ ಏನೋ."

"ಗೊತ್ತಿಲ್ಲದಿದ್ರೆ ಮತ್ತೆಂತಕ್ಕೆ ಹೋಗುದು?"

"ಅದಕ್ಕೇ ಹೋಗುದು ಮಾಮ!"

ಅವರು ಹೂಂ ಎಂದರು. ಉದ್ದದ ಹೂಂ. ನನಗೆ ಅದರಲ್ಲಿ ರೈಲಿನ ಸಿಳ್ಳೆ ಕೇಳಿಸಿತು.

"ಟ್ರೈನಿಂಗಿನವರಿಗೆ ಬೇಡ ಹೇಳ್ತೇನೆ. ಆದ್ರೆ ಆ ನಿನ್ನ ಮಾಸ್ತರ್ ನಾಳೆ ಕುದ್ರೋಳಿಗೆ ಬರ್ಬೇಕು. ಕಾವೂರಿನಲ್ಲಿ ಹೇಳಿದ್ದನ್ನು ನನ್ನ ಎದುರು ಹೇಳ್ಬೇಕು. ಒಂದು ಮಾತು ಕಡಿಮೆ ಆಗ್ಬಾರ್ದು. ನಾನು ಒಪ್ಪಿದ್ದು ನೀನು ಅವರಿಗೆ ಹೇಳ್ಬೇಡ."

"ಮಾಮ, ಪಾಪ ಅವರು!"

"ಎಂತ ಪಾಪ? ಬೆವರಲಿ ಸ್ವಲ್ಪ. ಮುದ್ದು ಭಾವನಿಗೂ ಬರ್ಲಿಕ್ಕೆ ಹೇಳಿ ಕಳಿಸು."

*

ಭಾನುವಾರ ಇನಾಮದಾರ್ ಸರ್ ಬಂದರು. ಮೊದಲೇ ಬೆವರಿದ್ದರು. ಮಾಮ ಇಸ್ತ್ರಿ ಮಾಡಿದ ಅಂಗಿ ಹಾಕಿ ಜಗಲಿಯ ನಡುವೆ ಕುರ್ಚಿಯಲ್ಲಿ ಕೂತಿದ್ದರು. ಅಪ್ಪ ಪಕ್ಕದ ಬೆಂಚಿನ ತುದಿಯಲ್ಲಿ, ಎಳನೀರಿನ ಲೋಟ ಹಿಡಿದು. ಅಮ್ಮ ಒಳಗೆ ಅಂಜಲ್ ಮೀನು ಹುರಿಯುತ್ತಿದ್ದರು. ಆ ವಾಸನೆ ಜಗಲಿಗೆ ಬಂದಾಗಲೆಲ್ಲ ಸರ್ ಒಂದು ಕ್ಷಣ ಉಸಿರು ಹಿಡಿದು ಮುಂದುವರಿಸುತ್ತಿದ್ದರು. ನಾನು ಬಾಗಿಲ ಹಿಂದೆ ಸೆರಗು ಬಾಯಿಗೆ ತುರುಕಿಕೊಂಡು ನಿಂತಿದ್ದೆ.

ಸರ್ ಹೇಳಿದರು, ಹೇಳಿದರು, ಹೇಳುತ್ತಲೇ ಇದ್ದರು. ಒಲವು ಎಂದರೇನು. ಒಲವಿದ್ದ ಕಡೆ ನೆನಪು ಹೇಗೆ ತಾನಾಗಿ ನಿಲ್ಲುತ್ತದೆ. ಮನಸ್ಸಿಲ್ಲದ ಕೆಲಸದಲ್ಲಿ ಜಾಣರೂ ಹೇಗೆ ದಡ್ಡರಾಗುತ್ತಾರೆ. ಮಾಮ ಮುಖದ ಒಂದು ಗೆರೆಯನ್ನೂ ಅಲುಗಿಸದೆ ಕೇಳಿದರು.

"ಇದನ್ನು ಕಾವೂರಿನಲ್ಲೂ ಹೇಳಿದ್ರಾ?"

"ಹೌದ್ರೀ."

"ಇಷ್ಟೇ ಹೊತ್ತಾ?"

ಸರ್ ಕರ್ಚೀಫಿನಿಂದ ಕತ್ತು ಒರೆಸಿಕೊಂಡರು. "ಇಲ್ರೀ, ಇಲ್ಲೆ ಜಾಸ್ತಿ ಆಗೇದ."

ಮಾಮನ ಮುಖ ಅರಳಿತು. ಬೆನ್ನು ಕುರ್ಚಿಗೆ ತಾಗಿಸಿದರು. "ಹಾಗೆ ಹೇಳಿ. ಇನ್ನು ನಾನು ಹೇಳ್ತೇನೆ, ಕೇಳಿ. ನಮ್ಮ ಕುಶಲಾ ಮದ್ರಾಸಿಗೆ ಹೋಗ್ತಾಳೆ. ಮೀನು ಕಲೀತಾಳೆ. ಇದು ನಾನು ಹೇಳಿದ್ದು. ನೀವು ಹೇಳಿದ್ದು ಅಂತ ಅಲ್ಲ."

"ಅಲ್ವೇ ಅಲ್ಲರೀ!" ಸರ್ ಎದ್ದು ನಿಂತೇಬಿಟ್ಟರು.

ಅಪ್ಪನಿಗೆ ತಡೆಯಲಾಗಲಿಲ್ಲ. "ಭಾವ, ನಾನೂ ಮೊದಲು ಅದನ್ನೇ..."

"ಮುದ್ದು ಭಾವ," ಎಂದರು ಮಾಮ, ಅರ್ಜಿಗೆ ರುಜು ಹಾಕಲು ನನ್ನತ್ತ ಕೈ ಚಾಚುತ್ತ, "ನೀವು ಎಳನೀರು ಕುಡೀರಿ."

ಅಪ್ಪ ಕುಡಿದರು. ಲೋಟದ ಮೇಲಿನಿಂದ ನನಗೆ ಕಣ್ಣು ಮಿಟುಕಿಸಿದರು. ನಾನು ಬಾಗಿಲ ಹಿಂದಿನಿಂದ ಅರ್ಜಿ ಹಿಡಿದು ಓಡಿ ಬಂದ ರಭಸಕ್ಕೆ ಹೊಸ್ತಿಲು ಎಡವಿ, ಮಾಮನ ಇಸ್ತ್ರಿ ಅಂಗಿಯ ಮೇಲೆಯೇ ಹೋಗಿ ಬಿದ್ದೆ.